ಮಿರ್ಚಿಗೆ ಮೆತ್ತಿದ ಹೆಬ್ಬೆರಳು

ಚನ್ನಗಿರಿಯ ಒಂದು ಮಿರ್ಚಿ ಅಂಗಡಿಗೆ ಬೋರ್ಡು ಮಾಡಿಕೊಡಬೇಕಿತ್ತು. ಫೋಟೋ ಅಲ್ಲ, ಮಿರ್ಚಿ, ಮಂಡಕ್ಕಿ, ಈರುಳ್ಳಿ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಹುಟ್ಟಿಸುವುದು ನನ್ನ ಕೆಲಸ. ಸಂಜೆಯೊಳಗೆ ಚಿತ್ರ ಪ್ರಿಂಟಿಗೆ ಹೋಗಬೇಕು, ಮಿರ್ಚಿಯೋ ಪ್ಲಾಸ್ಟಿಕ್ ಆಟಿಕೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ನಿಜವಾದದ್ದನ್ನು ನೋಡಿಕೊಂಡಾದರೂ ಸರಿಮಾಡೋಣ ಎಂದು ಲ್ಯಾಪ್‌ಟಾಪ್ ಹಿಡಿದು ಅಂಗಡಿಯಲ್ಲೇ ಕೂತೆ.

ಹೊನ್ನಾಳಿ ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಪಕ್ಕದಲ್ಲಿ ಮಿರ್ಚಿ ತಿನ್ನುತ್ತಿದ್ದರು. ನಮ್ಮ ಕಡೆ ಗರಿಗರಿ ಇದೆಯಾ ಎಂದು ಒತ್ತಿ ನೋಡದೆ ಯಾರೂ ಮಿರ್ಚಿ ಬಾಯಿಗಿಡುವುದಿಲ್ಲ. ಅವರು ಸ್ಕ್ರೀನಿನ ಮಿರ್ಚಿಯನ್ನೂ ಹೆಬ್ಬೆರಳಿನಿಂದ ಒತ್ತಿಯೇಬಿಟ್ಟರು!

“ಗಟ್ಟಿ ಐತೆ ರೀ, ಬಿಸಿ ಇಲ್ಲ,” ಎಂದು ನಕ್ಕರು.

ಬೈಯಬೇಕೆಂದು ತಿರುಗಿದವನು ಸ್ಕ್ರೀನ್ ನೋಡಿ ಎದ್ದೇ ನಿಂತೆ. ಅವರ ಬೆರಳಿನ ಎಣ್ಣೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಮೆತ್ತಿಕೊಂಡು, ಅದರಡಿಯ ಮಿರ್ಚಿ ಈಗಷ್ಟೇ ಬಾಣಲೆಯಿಂದ ಎದ್ದುಬಂದ ಹಾಗಿತ್ತು. ನನಗೇ ಬಾಯಲ್ಲಿ ನೀರೂರಿತು! ಆ ಎಣ್ಣೆಕಲೆಯ ಫೋಟೋ ತೆಗೆದು ಚಿತ್ರಕ್ಕೆ ಹೊದಿಸೋಣ ಎಂದು ಮೊಬೈಲಿಗೆ ಕೈಹಾಕುವಷ್ಟರಲ್ಲಿ, ಅಂಗಡಿಯ ಯಜಮಾನರು ಹೆಗಲ ಟವೆಲ್ಲಿನಿಂದ ಸ್ಕ್ರೀನನ್ನು ನೀಟಾಗಿ ಒರೆಸಿಬಿಟ್ಟರು.

“ಹೊಲಸಾಗಿತ್ತು ಸರ್,” ಎಂದರು ಮರ್ಯಾದೆಯಿಂದ.

ಹೊರಗೆ ಬಸ್ಸು ಹಾರನ್ ಹೊಡೆಯಿತು. ನಾನು ಹೊನ್ನಾಳಿಯವರ ಕೈ ಹಿಡಿದುಕೊಂಡೆ. “ಇನ್ನೊಂದ್ಸಲ ಒತ್ರೀ, ದಮ್ಮಯ್ಯ!”

“ಕೈ ಒರೆಸ್ಕೊಂಡ್ನಲ್ರೀ. ಒತ್ತಾಕೆ ಇನ್ನೊಂದು ಪ್ಲೇಟ್ ತರಿಸ್ರಿ,” ಎಂದು ಅವರು ಬಸ್ಸು ಬಿಟ್ಟು ಆರಾಮಾಗಿ ಕೂತರು.

ಈಗ ಬೋರ್ಡು ನೋಡಿದವರೆಲ್ಲ ಆ ಎಣ್ಣೆಯ ಹೊಳಪನ್ನೇ ಹೊಗಳುತ್ತಾರೆ. ಹತ್ತಿರ ನಿಂತು ದಿಟ್ಟಿಸಿದರೆ ಅದರಲ್ಲಿ ಹೆಬ್ಬೆರಳಿನ ಗೆರೆಗಳೂ ಕಾಣುತ್ತವೆ. ಆದರೆ ಅಷ್ಟು ಹೊತ್ತು ಯಾರೂ ತಾಳುವುದಿಲ್ಲ, ಒಳಗೆ ಹೋಗಿ ಮಿರ್ಚಿ ಒತ್ತಿ ನೋಡುತ್ತಿರುತ್ತಾರೆ.