ಗೋಸ್ವಿನ್ ಲಾವರ್ ಪೂರ್ತಿ ಬೆಲೆ ಕೊಟ್ಟ ಟಿಕೆಟ್

ಜರ್ಮನಿಯ ಗಡಿಯೂರು ಸಾರ್‌ಬ್ರುಕನ್‌ನ ಸಂತೆ ಚೌಕದಲ್ಲಿ ಬ್ರಷ್ಷು, ಪೊರಕೆ ಮಾರುವ ಗೋಸ್ವಿನ್ ಲಾವರ್ ತನ್ನ ವ್ಯಾಪಾರದ ಆಯುಷ್ಯದಲ್ಲಿ ಯಾವ ಸರಕನ್ನೂ ಮುಟ್ಟಿ ನೋಡದೆ ಕೊಂಡವನಲ್ಲ, ಯಾವುದಕ್ಕೂ ಹೇಳಿದ ಬೆಲೆ ಕೊಟ್ಟವನೂ ಅಲ್ಲ. ಗಡಿಯಾಚೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮಗಳು ಸಿಬಿಲೆಗೂ ಅಲ್ಲಿನ ಹುಡುಗ ಲುಡೋವಿಕ್‌ಗೂ ಮದುವೆ ಗೊತ್ತಾದ ವಾರವೇ ತನಗೂ ಹೆಂಡತಿಗೂ ರೈಲಿನ ಅಗ್ಗದ ಟಿಕೆಟ್ ತೆಗೆದಿಟ್ಟಿದ್ದ. ಮದುವೆಯ ದಿನವಾದ ಶನಿವಾರ ಬೆಳಗಿನ ಆ ಒಂದು ರೈಲಿಗೆ ಮಾತ್ರ ಸಲ್ಲುವಂಥದ್ದು. ಬೇಡವೆಂದರೆ ದುಡ್ಡು ವಾಪಸಿಲ್ಲ. ಹೀಗೆ ತಿಂಗಳುಗಟ್ಟಲೆ ಮೊದಲೇ ಕೊಂಡಿಡುವವನೇ ಜಾಣ ಎಂದು ಇಲ್ಲಿನವರ ನಂಬಿಕೆ. ರೈಲು ತಪ್ಪಿಸಿಕೊಂಡವನನ್ನು ಕ್ಷಮಿಸುತ್ತಾರೆ. ಪೂರ್ತಿ ಬೆಲೆ ತೆತ್ತವನನ್ನು ಕಂಡು ನಗುತ್ತಾರೆ.

ಇಂಥದೇ ಟಿಕೆಟ್ ಹಿಂದೊಮ್ಮೆ ಕೈಕೊಟ್ಟಿತ್ತು. ಸಿಬಿಲೆ ಪದವಿ ಪಡೆದ ದಿನ ನಡುದಾರಿಯಲ್ಲಿ ಬದಲಿಸಬೇಕಾದ ರೈಲು ತಪ್ಪಿ, ಆ ಟಿಕೆಟ್ ಮುಂದಿನ ರೈಲಿಗೆ ಸಲ್ಲದೆ, ಅಪ್ಪ ತಲುಪುವಷ್ಟರಲ್ಲಿ ಸಭಾಂಗಣದ ಕುರ್ಚಿ ಮಡಚುತ್ತಿದ್ದರು. ಆದರೂ ಮದುವೆಗೆ ಸಾಕ್ಷಿಯಾಗಿ ಸಹಿ ಹಾಕಲು ಅವಳು ಕರೆದದ್ದು ಅವನನ್ನೇ.

"ಅಪ್ಪಾ, ಅಲ್ಲಿ ಮದುವೆ ಮಾಡಿಸೋ ಮೇಯರ್ ಯಾರಿಗೂ ಕಾಯಲ್ಲ. ನಮ್ಮ ಹಿಂದೇನೇ ಇನ್ನೊಂದು ಮದುವೆ ಇದೆ," ಎಂದಿದ್ದಳು ಫೋನಿನಲ್ಲಿ. "ನೀನು ಬರದಿದ್ರೆ ಲುಡೋವಿಕ್‌ನ ಚಿಕ್ಕಮ್ಮ ಸಹಿ ಹಾಕ್ತಾರೆ. ನಾನೇನೂ ಅಳಲ್ಲ. ಒಂದ್ಸಲ ಅತ್ತಾಗಿದೆ."

ಗುರುವಾರ ಸುದ್ದಿ ಬಂತು: ಶುಕ್ರವಾರ ರಾತ್ರಿಯಿಂದ ಫ್ರಾನ್ಸಿನ ರೈಲ್ವೆ ನೌಕರರ ಮುಷ್ಕರ. ಶನಿವಾರ ಯಾವ ರೈಲು ಓಡುತ್ತದೆ, ಯಾವುದು ಇಲ್ಲ ಎನ್ನುವುದು ಹಿಂದಿನ ಸಂಜೆ ಐದಕ್ಕೆ ತಿಳಿಯುವುದಂತೆ. ಆದರೆ ಮುಷ್ಕರಕ್ಕೆ ಮುಂಚಿನ ಕೊನೆಯ ರೈಲು ಹೊರಡುವುದು ನಾಲ್ಕಕ್ಕೆ. ಸರಕು ತೋರಿಸುವ ಮೊದಲೇ ಅಂಗಡಿ ಬಾಗಿಲು ಹಾಕುವ ವ್ಯಾಪಾರ.

ಬೀಗರಿಗೆ ಇದು ತಲೆನೋವೇ ಆಗಿರಲಿಲ್ಲ. ಒಂದೋ ಓಡುತ್ತದೆ, ಇಲ್ಲವೋ ಇಲ್ಲ, ನೋಡೋಣ ಎಂದು ಫೋನಿನಲ್ಲಿ ನಕ್ಕಿದ್ದರು. ಗೋಸ್ವಿನ್‌ಗೆ ಆ ನಗು ಮುಷ್ಕರಕ್ಕಿಂತ ಹೆಚ್ಚು ಉರಿಸಿತು. ಗಡಿಯಾಚೆಯ ಮೊದಲ ಊರಿನವರೆಗೆ ನಮ್ಮ ಟ್ರಾಮ್ ಇದೆ, ಅಲ್ಲಿಂದ ಮುಂದೆ? ಕಣ್ಣಿನ ಆಪರೇಷನ್ ಆದಮೇಲೆ ಅವನು ಕಾರು ಓಡಿಸುವುದನ್ನೇ ನಿಲ್ಲಿಸಿದ್ದ. ಹೆಂಡತಿ ರೋಸ್ವಿಟಾ ಕಲಿತೇ ಇರಲಿಲ್ಲ. ಮದುವೆಯ ಬೆಳಿಗ್ಗೆ ಮದುವಣಿಗನಿಗೇ ಕಾರು ತಾ ಎನ್ನಲಾದೀತೆ? ಟ್ಯಾಕ್ಸಿಯವನನ್ನು ವಿಚಾರಿಸಿದ. ಅವನಿಗೂ ಮುಷ್ಕರದ ಸುದ್ದಿ ಮುಟ್ಟಿತ್ತು, ಶನಿವಾರದ ಬೆಳಗನ್ನು ಆಗಲೇ ಯಾರಿಗೋ ಒಳ್ಳೆ ದರಕ್ಕೆ ಮಾರಿಕೊಂಡಿದ್ದ.

ಶುಕ್ರವಾರ ಮಧ್ಯಾಹ್ನ ರೋಸ್ವಿಟಾ ಪೆಟ್ಟಿಗೆ ಎಳೆದುಕೊಂಡು ಅಂಗಡಿಗೇ ಬಂದಳು. ಅವನ ಕೋಟು ಅವಳ ತೋಳ ಮೇಲಿತ್ತು. ಐದರವರೆಗೆ ಕಾಯೋಣ, ಇರುವ ಟಿಕೆಟ್ ಬಿಸಾಡುವುದು ಹೇಗೆ ಎಂದು ಅವನು ಶುರುಮಾಡಿದ. ಅಷ್ಟರಲ್ಲಿ ಗಿರಾಕಿಯೊಬ್ಬಳು ಕುದುರೆಕೂದಲಿನ ಬ್ರಷ್ಷಿಗೆ ಅರ್ಧ ಬೆಲೆ ಕೇಳಿದಳು. ಗೋಸ್ವಿನ್ ಚೌಕಾಸಿಯಿಲ್ಲದೆ ಕಟ್ಟಿ ಕೊಟ್ಟುಬಿಟ್ಟ. ಹೆಂಗಸು ಬ್ರಷ್ಷಿನಲ್ಲಿ ಏನಾದರೂ ಐಬಿದೆಯೇನೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತ ಹೋದಳು.

"ನಿಮ್ಮ ತಲೆ ಇಲ್ಲಿಲ್ಲ ಅಂತ ಗಿರಾಕಿಗೂ ಗೊತ್ತಾಯ್ತು," ಎಂದಳು ರೋಸ್ವಿಟಾ. "ಆ ಟಿಕೆಟ್ ಉಳಿಸ್ಕೊಂಡು ಫ್ರೇಮ್ ಹಾಕಿಸ್ತೀರೇನ್ರೀ? ನಾನಂತೂ ಹೊರಟೆ. ನೀವು ಬರದೇ ಇದ್ರೆ ಅವಳಿಗೆ ಏನಂತ ಹೇಳ್ಲಿ?"

ಅವನು ಹೊರಗಿದ್ದ ಪೊರಕೆಗಳನ್ನು ಒಳಗಿಟ್ಟ. ಆಮೇಲೆ ಅಂಗಡಿಯ ಪರದೆ ಎಳೆದ.

ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಸಾಲು ಇತ್ತು. ಮುಂದಿದ್ದ ಮುದುಕ ಒಂದೊಂದೇ ಪ್ರಶ್ನೆ ನೆನಪಿಸಿಕೊಂಡು ಕೇಳುತ್ತಿದ್ದ. ಗೋಸ್ವಿನ್ ಗಡಿಯಾರ ನೋಡಿದ, ಮುದುಕನ ಬೆನ್ನು ನೋಡಿದ, ಮತ್ತೆ ಗಡಿಯಾರ. ಸರದಿ ಬಂದಾಗ ರಿಯಾಯಿತಿ ಉಂಟೇ ಎಂದು ಕೇಳುವುದೇ ಮರೆತುಹೋಯಿತು. ಹೇಳಿದಷ್ಟು ಕೊಟ್ಟು ಓಡಿದ. ಅವರು ನಾಲ್ಕರ ರೈಲು ಹತ್ತಿದ ಬೆನ್ನಿಗೇ ಬಾಗಿಲು ಮುಚ್ಚಿಕೊಂಡಿತು.

ಐದಾಯಿತು. ರೋಸ್ವಿಟಾ ಫೋನ್ ತೆಗೆದು ಓದಿದಳು. ನಾಳೆ ಬೆಳಗಿನ ರೈಲಿನ ಸಂಗತಿ ಅದರಲ್ಲಿತ್ತು. ಅವಳ ಮುಖದಿಂದ ಏನೂ ಗೊತ್ತಾಗಲಿಲ್ಲ.

"ಓಡುತ್ತಂತಾ?"

"ನಾಳೆ ಸಹಿ ಹಾಕಿ, ಆಮೇಲೆ ಹೇಳ್ತೀನಿ."

ಅವನು ಕಿಟಕಿಯತ್ತ ತಿರುಗಿದ. ಮಗಳಿಗೆ ಫೋನ್ ಮಾಡಿ, ಇವತ್ತೇ ಬರುತ್ತಿದ್ದೇವೆ, ಆ ಚಿಕ್ಕಮ್ಮನಿಗೆ ತೊಂದರೆ ಕೊಡಬೇಡ ಎಂದ. ಸಿಬಿಲೆ, ಸ್ಟೇಷನ್ನಿಗೆ ತಾನೇ ಬರುವುದಾಗಿ ಹೇಳಿ, ಅಳುವವಳಂತೆ ಮೂಗೆಳೆದುಕೊಂಡಳು.