ತನ್ನ ತಪ್ಪನ್ನು ಮೊದಲು ಬರೆದವರು

ಸಂಜೆ ಐದರ ಹೊತ್ತಿಗೆ ಆಂಟಿಯ ಎರಡೂ ಕಣ್ಣುಗಳ ಸುತ್ತ ಒಂದೊಂದು ಕೆಂಪು ಉಂಗುರ ಮೂಡಿರುತ್ತಿತ್ತು. ದಿನವಿಡೀ ಮೈಕ್ರೋಸ್ಕೋಪಿಗೆ ಮುಖ ಒತ್ತಿ ಕೂತ ಗುರುತು ಅದು. ಕಾರಿನಲ್ಲಿ ಸಿಗ್ನಲ್ಲಿಗೆ ಕಾಯುವಾಗಲೂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಅಲ್ಲಿ ಇಲ್ಲದ ತಿರುಪೊಂದನ್ನು ಮೆಲ್ಲಗೆ ತಿರುಗಿಸುತ್ತಲೇ ಇರುತ್ತಿದ್ದವು. ನಾನು ನೋಡುತ್ತಿದ್ದೇನೆಂದು ಗೊತ್ತಾದರೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು.

ಅಮೆರಿಕದ ರಾಕ್‌ವಿಲ್‌ನ ಒಂದು ಖಾಸಗಿ ಲ್ಯಾಬಿನಲ್ಲಿ ಅವರಿಗೆ ಕೆಲಸ. ಊರೂರಿನ ಕ್ಲಿನಿಕ್ಕುಗಳಿಂದ ಹೆಂಗಸರ ಪ್ಯಾಪ್ ಟೆಸ್ಟಿನ ಗಾಜಿನ ಸ್ಲೈಡುಗಳು ಅಲ್ಲಿಗೆ ಬರುತ್ತಿದ್ದವು. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಶುರುವಾಗಿದೆಯೇ ಎಂದು ನೋಡುವ ಪರೀಕ್ಷೆ. ಒಂದು ಸ್ಲೈಡಿನಲ್ಲಿ ಸಾವಿರಾರು ಜೀವಕೋಶಗಳು. ಕೆಟ್ಟವು ಇದ್ದರೆ ಹತ್ತೋ ಹನ್ನೆರಡೋ, ಅದೂ ಯಾವುದೋ ಮೂಲೆಯಲ್ಲಿ. ಅವನ್ನು ಹುಡುಕುವುದೇ ಆಂಟಿಯ ವೃತ್ತಿ. ನಾನು ತೊಂಬತ್ತರ ದಶಕದ ನಡುವೆ ಮೈಸೂರಿನಿಂದ ಬಂದವಳು. ಲ್ಯಾಬಿನ ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಹತ್ತಿಸುವ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿದ್ದೆ. ಮೊದಲ ವಾರ ಊಟದ ಕೋಣೆಯಿಂದ ಗಂಡನಿಗೆ ಫೋನ್ ಮಾಡಿ, "ಇವ್ರ ಇಂಗ್ಲಿಷ್ ಒಂದೂ ಅರ್ಥ ಆಗ್ತಿಲ್ಲ ಕಣೋ" ಎಂದು ಅಳುತ್ತಿದ್ದಾಗ ಹಿಂದಿನಿಂದ ದನಿಯೊಂದು ಬಂತು. "ಮೈಸೂರ ಕಡೆಯಾಕಿ ಏನವಾ ನೀನು? ಅಳಬ್ಯಾಡ. ನನಗೂ ಒಂದ ವರ್ಷ ತಿಳಿದಿರಲಿಲ್ಲ."

ಆ ದನಿ ಆಂಟಿಯದು. ಅವರ ಊರು ಧಾರವಾಡ. ಮಿಷನ್ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಕಲಿತು, ಎಪ್ಪತ್ತರ ದಶಕದಲ್ಲಿ ಗಂಡನ ಜೊತೆ ಅಮೆರಿಕಕ್ಕೆ ಬಂದವರು. ನಾನು ನೋಡುವಷ್ಟರಲ್ಲಿ ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಮಗಳು ಬೇರೆ ರಾಜ್ಯದ ಡರ್ಹಮ್‌ನಲ್ಲಿದ್ದಳು. ಗೈದರ್ಸ್‌ಬರ್ಗ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನಿಂದ ಎರಡು ರಸ್ತೆ ಆಚೆ ಅವರ ಮನೆ. ನನಗಿನ್ನೂ ಲೈಸೆನ್ಸ್ ಆಗಿರಲಿಲ್ಲವಾದ್ದರಿಂದ ದಿನಾ ಅವರ ಕಾರಿನಲ್ಲೇ ಹೋಗಿ ಬರುತ್ತಿದ್ದೆ.

ಅವರು ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು. ಆದರೆ ಕಾರಿನಲ್ಲಾಗಲಿ ಮೇಜಿನ ಮೇಲಾಗಲಿ ಶಿಲುಬೆಯಿರಲಿಲ್ಲ. ಯೇಸುವಿನ ಮಾತನ್ನು ನನ್ನೆದುರು ಎತ್ತಿದ್ದೇ ಕಡಿಮೆ. ಮೂವತ್ತು ಸ್ಲೈಡು ಮುಗಿದರೆ ಎದ್ದು ಕಿಟಕಿಯ ಹತ್ತಿರ ನಿಂತು ಹೊರಗಿನ ಮರಗಳನ್ನು ಐದು ನಿಮಿಷ ನೋಡುತ್ತಿದ್ದರು. ಯಾರು ಕರೆದರೂ ಆ ಐದು ನಿಮಿಷ ತಿರುಗುತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ, "ಕಣ್ಣ ದಣದಾಗ ಎಲ್ಲಾ ಚಲೋನ ಕಾಣತೈತಿ, ಅದಕ್ಕ ಅಂಜಿಕಿ" ಎಂದರು. ಆ ಮಾತು ಕೇಳಿ ನಾನು ನಕ್ಕಿದ್ದೆ. ಅವರು ನಗಲಿಲ್ಲ.

ಆ ವರ್ಷ ಲ್ಯಾಬು ಕೈ ಬದಲಾಯಿತು. ಹೊಸ ಮಾಲೀಕ ಮೃದು ಮಾತಿನ ಮನುಷ್ಯ. ಸೋಮವಾರದ ಮೀಟಿಂಗನ್ನು ಕಣ್ಣು ಮುಚ್ಚಿ ಪ್ರಾರ್ಥನೆಯಿಂದಲೇ ಶುರು ಮಾಡುತ್ತಿದ್ದ. ನಾವೆಲ್ಲ ಒಂದೇ ಕುಟುಂಬ ಎನ್ನುತ್ತಿದ್ದ. ಕೆಲವೇ ತಿಂಗಳಲ್ಲಿ ಸ್ಲೈಡಿನ ಟ್ರೇಗಳು ಮೇಜಿನಿಂದ ಉಕ್ಕಿ ಕುರ್ಚಿಗಳ ಮೇಲೆ ಬಂದವು, ಆಮೇಲೆ ನೆಲದ ಮೇಲೆ. ಆಂಟಿಯ ಎದುರು ಮೇಜಿನಲ್ಲಿ ಒಬ್ಬ ಎತ್ತರದ ಆಸಾಮಿ ಕೂರುತ್ತಿದ್ದ. ಎಷ್ಟು ಟ್ರೇ ಬಂದರೂ ಮೂರು ಗಂಟೆಗೆಲ್ಲ ಮುಗಿಸಿ, ಶಿಳ್ಳೆ ಹಾಕುತ್ತ ಕೋಟು ತೊಡುತ್ತಿದ್ದ. ಗೋಡೆಯ ಮೇಲೆ ಅವನ ಫೋಟೋ ಬಂತು, ತಿಂಗಳ ಉತ್ತಮ ಕೆಲಸಗಾರನೆಂದು. ಆಂಟಿ ಆ ಫೋಟೋದ ಕೆಳಗೆ ನಿಂತು ಬಹಳ ಹೊತ್ತು ನೋಡಿದ್ದು ನನಗೆ ನೆನಪಿದೆ. "ಹೆಂಗ ನೋಡತಾನ ಇಷ್ಟು?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

ಆ ಪ್ರಶ್ನೆಗೆ ಉತ್ತರ ಚಳಿಗಾಲದಲ್ಲಿ ಸಿಕ್ಕಿತು. ಒಬ್ಬ ಹೆಂಗಸಿಗೆ ಕ್ಯಾನ್ಸರ್ ಬಲಿತಿದೆ, ಅವಳ ಹಿಂದಿನ ಸ್ಲೈಡುಗಳನ್ನು ಕಳಿಸಿ ಎಂದು ಆಸ್ಪತ್ರೆಯೊಂದು ಬರೆಯಿತು. ಹಿಂದಿನ ಮೂರು ವರ್ಷವೂ ನಮ್ಮ ಲ್ಯಾಬು ಆಕೆಗೆ ನಾರ್ಮಲ್ ಎಂದೇ ವರದಿ ಕೊಟ್ಟಿತ್ತು. ಮೂರಕ್ಕೂ ಎದುರು ಮೇಜಿನವನದೇ ಸಹಿ. ಹಳೆಯ ಸ್ಲೈಡುಗಳು ನೆಲಮಾಳಿಗೆಯ ಉಕ್ಕಿನ ಡ್ರಾಯರುಗಳಲ್ಲಿದ್ದವು. ಹಿರಿಯರೆಂದು ಅದರ ಬೀಗದ ಕೈ ಆಂಟಿಯ ಹತ್ತಿರವಿತ್ತು. ಅವರು ಆ ಮೂರನ್ನು ತಂದು ಮೈಕ್ರೋಸ್ಕೋಪಿನ ಕೆಳಗಿಟ್ಟರು. ನಾನು ಪಕ್ಕದಲ್ಲೇ ಇದ್ದೆ.

"ಇಲ್ಲೇ ಅದಾವ," ಎಂದರು. "ಮೂಲ್ಯಾಗಲ್ಲ, ನಟ್ಟ ನಡುವ ಅದಾವ. ಅಂವ ಗಾಜು ಇಟ್ಟ ನೋಡೇ ಇಲ್ಲವಾ."

ಆ ಮಧ್ಯಾಹ್ನವೂ ಮೂರು ಗಂಟೆಗೆ ಶಿಳ್ಳೆಯ ಸದ್ದು ಕೇಳಿತು. ಅವನು ನನ್ನತ್ತ ಕೈಬೀಸಿ ಹೋದ.

ಅಂದು ಮನೆಗೆ ಹೋಗುವಾಗ ಆಂಟಿ ಕಾರನ್ನು ನಮ್ಮ ಅಪಾರ್ಟ್‌ಮೆಂಟಿನ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದರು. ಅವನು ಯಾವ ಯಾವ ಸ್ಲೈಡಿಗೆ ಸಹಿ ಹಾಕಿದ್ದಾನೆ, ಅವು ಯಾವ ಡ್ರಾಯರಿನಲ್ಲಿವೆ ಎಂಬುದೆಲ್ಲ ನನ್ನ ಕಂಪ್ಯೂಟರಿನಲ್ಲಿತ್ತು. ಆ ಪಟ್ಟಿಯಿಲ್ಲದೆ ಅಷ್ಟೊಂದು ಡ್ರಾಯರುಗಳಲ್ಲಿ ಹುಡುಕುವುದು ಆಗದ ಮಾತು.

"ಆ ಪಟ್ಟಿ ತೆಗದ ಕೊಡತೀಯೇನವಾ? ನಿನ್ನ ವೀಸಾದ್ದು ನನಗ ಗೊತ್ತೈತಿ. ಆಗೂದಿಲ್ಲ ಅಂದ್ರ ಆಗೂದಿಲ್ಲ ಅನ್ನು. ನಾ ಇನ್ನೊಮ್ಮೆ ಕೇಳೂದಿಲ್ಲ."

ನನ್ನ ವೀಸಾದ ಮೇಲೆಯೇ ಗಂಡನೂ ಇದ್ದ. ಕಾಂಟ್ರಾಕ್ಟ್ ಮುಂದುವರಿಸುವ ಕಾಗದ ಅದೇ ತಿಂಗಳು ಮಾಲೀಕನ ಸಹಿಗೆ ಹೋಗಿತ್ತು. ಮನೆಯಲ್ಲಿ ಹೇಳಿದಾಗ ಗಂಡ, "ಸುಮ್ನೆ ಇರು. ಅವ್ರು ಸಿಟಿಜನ್, ಏನ್ ಬೇಕಾದ್ರೂ ಮಾಡ್ತಾರೆ. ನಮ್ಮನ್ನ ವಾಪಸ್ ಕಳಿಸಿದ್ರೆ?" ಎಂದ. ಮರುದಿನ ಬೆಳಿಗ್ಗೆ ಕಾರಿನಲ್ಲಿ ಕೂತು, ಕಿಟಕಿಯ ಕಡೆ ಮುಖ ಮಾಡಿ, "ಆಗಲ್ಲ ಆಂಟಿ" ಎಂದೆ. "ಆತು" ಎಂದರು. ನನಗೆಂದು ತಂದಿದ್ದ ಚಪಾತಿಯ ಡಬ್ಬಿಯನ್ನು ಎಂದಿನಂತೆ ನನ್ನ ತೊಡೆಯ ಮೇಲಿಟ್ಟರು. ನಿಜವಾಗಿಯೂ ಅವರು ಇನ್ನೊಮ್ಮೆ ಕೇಳಲಿಲ್ಲ.

ಹನ್ನೊಂದು ದಿನ ಹಾಗೇ ಕಳೆಯಿತು. ಊಟದ ಹೊತ್ತಿಗೆ ಆಂಟಿ ನೆಲಮಾಳಿಗೆಗೆ ಇಳಿದು ಕೈಗೆ ಸಿಕ್ಕ ಡ್ರಾಯರಿನಿಂದ ನಾಲ್ಕಾರು ಸ್ಲೈಡು ತಂದು ನೋಡುತ್ತಿದ್ದರು. ಬಾವಿಯನ್ನು ಚಮಚದಲ್ಲಿ ಬತ್ತಿಸಲು ಹೊರಟವರಂತೆ ಕಾಣುತ್ತಿದ್ದರು. ಮಾಲೀಕ ಒಂದೆರಡು ಸಲ ಅವರ ಬೆನ್ನ ಹಿಂದೆ ಬಂದು ನಿಂತು ನೋಡಿ ಹೋದ. ಹನ್ನೆರಡನೆಯ ದಿನ ಬೆಳಿಗ್ಗೆ ಹಿಂಬಾಗಿಲಲ್ಲಿ ಲಾರಿ ನಿಂತಿತ್ತು. ಇಬ್ಬರು ಕೆಲಸದವರು ಹಳೆಯ ಡ್ರಾಯರುಗಳ ಸ್ಲೈಡುಗಳನ್ನೂ ನಾನಿನ್ನೂ ಮುಟ್ಟಿರದ ರಿಜಿಸ್ಟರುಗಳನ್ನೂ ಪೆಟ್ಟಿಗೆಗೆ ತುಂಬಿ ಸಾಗಿಸುತ್ತಿದ್ದರು. ಬೇರೆ ಗೋದಾಮಿಗೆ ಎಂದರು. ಯಾವ ಗೋದಾಮೆಂದು ಅವರಿಗೂ ಗೊತ್ತಿರಲಿಲ್ಲ. ಉಳಿದದ್ದಕ್ಕೆ ಮುಂದಿನ ತಿಂಗಳು ಬರುತ್ತೇವೆ ಎಂದರು.

ಪೆಟ್ಟಿಗೆಯೊಳಗೆ ಗಾಜು ಕಿಣಿಕಿಣಿ ಅನ್ನುತ್ತಿತ್ತು. ಒಂದೊಂದು ಗಾಜೂ ಯಾವಳೋ ಒಬ್ಬಳದು. ತನಗೇನೂ ಆಗಿಲ್ಲವೆಂದು ನಂಬಿಕೊಂಡು ಅವಳು ಆ ಹೊತ್ತಿಗೆ ಎಲ್ಲೋ ಮಕ್ಕಳಿಗೆ ತಿಂಡಿ ಮಾಡುತ್ತಿರಬಹುದು. ನಾನು ಮೇಜಿಗೆ ಹೋಗಿ ಪಟ್ಟಿಯನ್ನು ಪ್ರಿಂಟ್ ಹಾಕಿದೆ. ಆಂಟಿ ಕಾಗದವನ್ನು ತೆಗೆದುಕೊಂಡರು. "ನನ್ನ ಸಹಿದವೂ ತೆಗಿಯವಾ. ನಮ್ಮವರು ತೀರಿದ ತಿಂಗಳದ್ದು. ಮೂರೇ ದಿನಕ್ಕ ಕೆಲಸಕ್ಕ ಬಂದಿದ್ದೆ," ಎಂದರಷ್ಟೇ.

ಒಂದು ವಾರ ಅವರು ಮಧ್ಯಾಹ್ನದ ಊಟ ಮಾಡಲಿಲ್ಲ. ಆ ಹೊತ್ತೆಲ್ಲ ಮೈಕ್ರೋಸ್ಕೋಪಿನ ಮುಂದೆ. ಎದುರು ಮೇಜಿನವನು ತಪ್ಪಿಸಿದ್ದು ಒಂದಾದ ಮೇಲೊಂದು ಸಿಗುತ್ತ ಹೋಯಿತು. ಶುಕ್ರವಾರ ಅವರು ಸ್ಲೈಡಿನಿಂದ ಮುಖ ಎತ್ತಲೇ ಇಲ್ಲ. ನಾನು ಹೋಗಿ ಭುಜ ಮುಟ್ಟಿದೆ.

"ಇದು ನನ್ನದು," ಎಂದರು. "ನಾ ನೋಡೇನಿ. ನೋಡಿ ನಾರ್ಮಲ್ ಅಂತ ಬರದೇನಿ."

ರಾಜ್ಯದ ಆರೋಗ್ಯ ಇಲಾಖೆಗೆ ಬರೆದ ಪತ್ರವನ್ನು ಅವರ ಅಡುಗೆಮನೆಯ ಮೇಜಿನ ಮೇಲೆ ನಾನೇ ಟೈಪ್ ಮಾಡಿದ್ದು. ಮೊದಲ ಪುಟದಲ್ಲೇ ತಮ್ಮ ಹೆಸರು, ತಮ್ಮ ಸ್ಲೈಡಿನ ಸಂಖ್ಯೆ ಹಾಕಿಸಿದರು.

"ನಿಮ್ದನ್ನ ಯಾಕೆ ಹಾಕ್ತೀರಾ ಆಂಟಿ? ಅವ್ನದು ಅಷ್ಟೊಂದಿದೆ, ನಿಮ್ದು ಒಂದೇ. ಸ್ಲೈಡ್ ನೋಡೋ ನಿಮ್ ಲೈಸೆನ್ಸೇ ಹೋಗ್ಬಿಡತ್ತೆ."

"ಆಕಿಗೆ ಒಂದs ಜೀವ ಇರೂದವಾ. ಅಂವಂದು ಬರದು ನಂದು ಬಿಟ್ಟರ, ಭಾನುವಾರ ಯಾವ ಬಾಯಿಲೆ ಪ್ರಾರ್ಥನಾ ಮಾಡ್ಲಿ? ಬರಿ, ನಂದs ಮೊದಲ ಬರಿ."

ಸೋಮವಾರದ ಮೀಟಿಂಗಿನಲ್ಲಿ ಮಾಲೀಕ ಪ್ರಾರ್ಥನೆ ಮುಗಿಸಿ ಕಣ್ಣು ತೆರೆದಾಗ ಆಂಟಿ ಆ ಪತ್ರದ ಪ್ರತಿಯನ್ನು ಅವನ ಕೈಗೇ ಕೊಟ್ಟರು. ಮೂಲ ಆಗಲೇ ಅಂಚೆಗೆ ಹೋಗಿತ್ತು. ಅವನು ಓದಿದ. ಮುಖ ಬದಲಾಗಲಿಲ್ಲ, ದನಿಯೂ ಬದಲಾಗಲಿಲ್ಲ. ನಾವಿಬ್ಬರೂ ಒಬ್ಬನೇ ದೇವರನ್ನು ನಂಬಿದವರಲ್ಲವೇ, ಇದನ್ನು ನಮ್ಮೊಳಗೇ ಮುಗಿಸಬಹುದಿತ್ತಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹಾಗಿದ್ದರೆ ಆ ದೇವರ ಮುಂದೆ ಇಬ್ಬರೂ ನಿಲ್ಲಬೇಕಾಗುತ್ತದೆ, ನಾನು ಇವತ್ತೇ ನಿಂತಿದ್ದೇನೆ ಎಂದು ಆಂಟಿ ಉತ್ತರ ಕೊಟ್ಟರು. ಮಾಲೀಕನ ಕಡೆಯವರು ಬೀಗದ ಕೈ ಕಿತ್ತುಕೊಂಡು ಅವರನ್ನು ಬಾಗಿಲವರೆಗೆ ನಡೆಸಿಕೊಂಡು ಹೋದರು.

ಅದೇ ವಾರ ಇಲಾಖೆಯ ಇನ್ಸ್‌ಪೆಕ್ಟರುಗಳು ಬಂದರು. ಲ್ಯಾಬಿನ ಸ್ಲೈಡಿನ ಕೆಲಸ ನಿಂತಿತು. ಉಳಿದಿದ್ದ ಡ್ರಾಯರುಗಳ ಸ್ಲೈಡುಗಳನ್ನು ಬೇರೆ ಲ್ಯಾಬಿನಲ್ಲಿ ನೋಡಿಸಿ, ಹೆಂಗಸರಿಗೆ ಪತ್ರ ಬರೆದು ಮತ್ತೆ ಪರೀಕ್ಷೆಗೆ ಕರೆಸಿದರು. ಎಷ್ಟೋ ಜನರ ರೋಗ ಸಮಯಕ್ಕೆ ಪತ್ತೆಯಾಯಿತು. ಲಾರಿಯಲ್ಲಿ ಹೋದ ಪೆಟ್ಟಿಗೆಗಳು ಮಾತ್ರ ಸಿಗಲೇ ಇಲ್ಲ. ಆಂಟಿಯ ಲೈಸೆನ್ಸ್ ಹೋಯಿತು. ನನ್ನ ಕಾಂಟ್ರಾಕ್ಟ್ ಮುಗಿಯಿತು. ತಿಂಗಳೊಳಗೆ ಇನ್ನೊಂದು ಕಂಪನಿ ವೀಸಾ ವರ್ಗಾಯಿಸಿಕೊಂಡಿತು. ನಾನು ಹೆದರಿದ್ದು ಯಾವುದೂ ಆಗಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ನಾನು ಆಂಟಿಯ ಮನೆಯಲ್ಲಿದ್ದಾಗ ಬಾಗಿಲು ಬಡಿಯಿತು. ತಲೆಗೆ ಬಟ್ಟೆ ಕಟ್ಟಿಕೊಂಡ, ಹುಬ್ಬಿಲ್ಲದ ಹೆಂಗಸೊಬ್ಬಳು ನಿಂತಿದ್ದಳು. ಯಾವುದೋ ಶಾಲೆಯ ಕ್ಯಾಂಟೀನಿನಲ್ಲಿ ಊಟ ಬಡಿಸುವವಳು. ವಕೀಲರ ಕಾಗದದಲ್ಲಿ ಆಂಟಿಯ ಹೆಸರು ನೋಡಿ ಹುಡುಕಿಕೊಂಡು ಬಂದಿದ್ದಳು. ಅವಳು ಒಳಗೆ ಬಂದಳೇ ಹೊರತು ಕೋಟು ತೆಗೆಯಲಿಲ್ಲ.

"ನೀನು ನನ್ನ ಸ್ಲೈಡನ್ನು ನಿಜವಾಗಿ ನೋಡಿದ್ದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನೋಡಿದ್ದೆ. ಅಲ್ಲೇ ಇತ್ತು. ನನಗೆ ಕಾಣಲಿಲ್ಲ. ತಪ್ಪು ನನ್ನದು," ಎಂದರು ಆಂಟಿ, ಅದೇ ಭಾಷೆಯಲ್ಲಿ. ಗಂಡ ಸತ್ತಿದ್ದನ್ನು ಹೇಳುತ್ತಾರೆಂದು ನಾನು ಕಾದೆ. ಹೇಳಲಿಲ್ಲ.

ಅವಳು ನೀರು ಕೇಳಿದಳು. ಕುಡಿದಳು. ಗ್ಲಾಸನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಮಾರ್ಚಿನಲ್ಲಿ ಅವಳು ತೀರಿಹೋದ ಸುದ್ದಿ ಬಂತು. ಆಂಟಿ ಚರ್ಚಿನ ಹೊರಗೆ ಕಾರಿನಲ್ಲೇ ಕೂತು ಅವಳ ಅಂತ್ಯಕ್ರಿಯೆ ಮುಗಿಯುವವರೆಗೆ ಕಾದು ಬಂದರು. ಒಳಗೆ ಹೋಗುವ ಹಕ್ಕು ತಮಗಿಲ್ಲ ಎಂದರು.

ಆ ಬೇಸಿಗೆಯಲ್ಲಿ ಮನೆ ಖಾಲಿ ಮಾಡಿ ಡರ್ಹಮ್‌ಗೆ, ಮಗಳ ಹತ್ತಿರ ಹೋದರು. ಅಲ್ಲಿ ಒಂದು ಕ್ಲಿನಿಕ್ಕಿನಲ್ಲಿ ರಕ್ತದ ಸೀಸೆಗಳಿಗೆ ಹೆಸರಿನ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದರು. ಮೂವತ್ತು ವರ್ಷದ ಅನುಭವದವರಿಗೆ ಇದೆಂಥ ಕೆಲಸ ಎಂದು ನಾನು ಫೋನಿನಲ್ಲಿ ಕೊರಗಿದರೆ, "ಚೀಟಿ ತಪ್ಪಿದ್ರ ಮುಂದಿಂದೆಲ್ಲಾ ತಪ್ಪತೈತವಾ. ಸಣ್ಣ ಕೆಲಸ ಅಲ್ಲ ಇದು" ಎಂದರು.

ಎರಡು ವರ್ಷದ ಮೇಲೆ ನಾನು ನೋಡಲು ಹೋದಾಗ ತುಂಬ ಇಳಿದುಹೋಗಿದ್ದರು. ಹೃದಯ ಸೋತಿದೆ ಎಂದಿದ್ದರು ಡಾಕ್ಟರು. ಆದರೂ ಚೀಟಿಯ ಕೆಲಸ ಬಿಟ್ಟಿರಲಿಲ್ಲ. ಮಗಳು ಕೆಲಸಕ್ಕೆ ಹೋಗಿದ್ದಳು. ಹಿತ್ತಲಿನ ಮೆಟ್ಟಿಲ ಮೇಲೆ ಇಬ್ಬರೇ ಕೂತಿದ್ದೆವು. ನಾನು ಅಷ್ಟು ದಿನ ನುಂಗಿಕೊಂಡಿದ್ದನ್ನು ಹೇಳಿದೆ. "ನಾನು ಮೊದಲ್ನೇ ದಿನಾನೇ ಪಟ್ಟಿ ಕೊಟ್ಟಿದ್ರೆ ಆ ಪೆಟ್ಟಿಗೆಗಳು ಹೋಗ್ತಿರ್ಲಿಲ್ಲ ಆಂಟಿ. ನೀವು ಆಗ್ಲೇ ಪತ್ರ ಬರೀತಿದ್ರಿ. ಹನ್ನೊಂದು ದಿನ ನಾನು ಸುಮ್ನಿದ್ದೆ."

"ಗೊತ್ತೈತಿ," ಎಂದರು. "ಲಾರಿ ಬಂದ ದಿನಾನ ಗೊತ್ತಾತು."

"ಮತ್ತೆ ಯಾಕೆ ಒಂದು ಸಲಾನೂ ಅನ್ಲಿಲ್ಲ?"

"ನಾ ಅಂದಿದ್ರ ಅದು ಬೈಗುಳ ಆಗ್ತಿತ್ತು. ನೀನs ಹೇಳತೀ ಅಂತ ಕಾದೆ. ದಿನಾ ಬೇಡಕೋತಿದ್ದೆ, ಈಕಿ ಬಾಯಿಲೆ ಬರ್ಲಿ ಅಂತ." ಆಮೇಲೆ, "ನಿನ್ನ ಭಾರ ಹಗುರ ಆಗತೈತಿ ಅಂತ ನಾ ಹೇಳೂದಿಲ್ಲ. ನಂದು ಆಗಿಲ್ಲ," ಎಂದರು.

ಮೂರು ವಾರದ ನಂತರ ಮಗಳ ಫೋನ್ ಬಂತು. "ಅಕ್ಕಾ, ಅಮ್ಮ ಹೋಗ್ಬಿಟ್ಟಳು. ದಿಸ್ ಮಾರ್ನಿಂಗ್, ಅಟ್ ವರ್ಕ್. ನೀವು ಬರ್ತೀರಾ?"

ಡರ್ಹಮ್‌ನ ಆ ಚಿಕ್ಕ ಚರ್ಚಿನಲ್ಲಿ ನಲವತ್ತು ಜನವಿದ್ದರೇನೋ. ಅಮ್ಮನ ಬಗ್ಗೆ ಎರಡು ಮಾತಾಡಿ ಎಂದು ಮಗಳು ಕೇಳಿಕೊಂಡಳು. ಒಳ್ಳೆಯ ಮಾತುಗಳನ್ನು ನಾಲ್ಕು ಸಾಲು ಬರೆದುಕೊಂಡು ಹೋಗಿದ್ದೆ. ಎದ್ದು ನಿಂತ ಮೇಲೆ ಅದನ್ನು ಓದಲಾಗಲಿಲ್ಲ. ಲ್ಯಾಬಿನ ಕಥೆಯನ್ನು ಮೊದಲಿನಿಂದ ಹೇಳಿದೆ. ನಾನು "ಆಗಲ್ಲ" ಎಂದದ್ದನ್ನು, ಹನ್ನೊಂದು ದಿನಗಳನ್ನು, ಲಾರಿಯನ್ನು, ಸಿಗದೆ ಹೋದ ಪೆಟ್ಟಿಗೆಗಳನ್ನು, ಅವುಗಳಲ್ಲಿ ಯಾರ ಯಾರ ಸ್ಲೈಡುಗಳಿದ್ದವೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ ಎಂಬುದನ್ನು ಹೇಳಿದೆ. ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದ. ಮುಗಿಸಿ, ಹಿಂದೆ ನಾನು ಕೂತಿದ್ದ ಸಾಲಿನ ಕಡೆ ನಡೆಯುವಾಗ ಯಾರ ಮುಖವನ್ನೂ ನೋಡುವ ಧೈರ್ಯ ನನಗಿರಲಿಲ್ಲ. ಮುಂದಿನ ಬೆಂಚು ದಾಟುತ್ತಿದ್ದಾಗ ಮಗಳು ಪಕ್ಕಕ್ಕೆ ಸರಿದು, ತನ್ನ ಹತ್ತಿರ ನನಗೆ ಕೂರಲು ಜಾಗ ಮಾಡಿದಳು.