ಅಕ್ಕೋರು ಓಡಿಸಿದಾಗ ಮಾತ್ರ ಬರುತ್ತಿದ್ದ ಸದ್ದು

1997ರಲ್ಲಿ, ಕೊಪ್ಪಳ ಜಿಲ್ಲೆಯಾದ ವರ್ಷವೇ, ಮಕ್ಕಳೇ, ನಿಮ್ಮ ಅಜ್ಜ ಕುಷ್ಟಗಿಯಲ್ಲಿ ಗ್ಯಾರೇಜ್ ತೆರೆದರು. ಅವರು ತೀರಿಕೊಂಡ ಮೇಲೆ ಅದನ್ನು ನಡೆಸುವುದು ನನ್ನ ಪಾಲಿಗೆ ಬಂತು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು ನಾನು. ಗಿರಾಕಿಗಳ ಎದುರು ಮಾತಾಡಲು ಈಗಲೂ ಹಿಂಜರಿಕೆ. ರಿಪೇರಿ ನಮ್ಮ ಹಳೆಯ ಮೆಕ್ಯಾನಿಕ್ ಖಾಜಾಸಾಬನದು. ಸಾಮಾನು ತರಿಸುವುದು, ಗಾಡಿ ಪರೀಕ್ಷಿಸಿ ಒಪ್ಪಿಸುವುದು ನನ್ನ ಕೆಲಸ. ಅಷ್ಟು ವರ್ಷಗಳಲ್ಲಿ ನನ್ನ ತಲೆ ತಿಂದ ಗಾಡಿ ಎಂದರೆ 2023ರ ಕೊನೆಯಲ್ಲಿ ಬಂದ ಒಂದು ಬ್ಯಾಟರಿ ಕಾರು.

ಅದು ತಾವರಗೇರಾ ಕಡೆಯ ಹಳ್ಳಿಯ ಗಿರಿಜಾ ಅಕ್ಕೋರದು. ನಮ್ಮಲ್ಲಿ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತೇವಲ್ಲ, ಹಾಗೆ. ಹೊತ್ತಿಗೆ ಸರಿಯಾಗಿ ಬಸ್ಸಿಲ್ಲದ ಊರಿನ ಶಾಲೆ ಅವರದು. ಐವತ್ತರ ಹತ್ತಿರ ಡ್ರೈವಿಂಗ್ ಕಲಿತು, ತಮ್ಮ ಸಂಬಳದಲ್ಲೇ ಕಾರು ಕೊಂಡಿದ್ದರು. ಜೊತೆಗೆ ಮೈದುನ ಶೇಖರಪ್ಪನೂ ಬಂದಿದ್ದ.

“ಮುಂದಿನ ಗಾಲಿ ಕಡೆ ಕಟಕ್ ಅಂತೈತ್ರಿ,” ಎಂದರು ಅಕ್ಕೋರು.

“ನಾ ಓಡ್ಸಿದ್ರ ಏನೂ ಅನ್ನಂಗಿಲ್ಲ. ಹೆಣ್ಮಕ್ಕಳ ಕೈಗೆ ಕೊಟ್ರ ಗಾಡಿನೂ ಅಳತೈತಿ,” ಎಂದ ಶೇಖರಪ್ಪ.

ಖಾಜಾ ಹೈವೇಗೆ ಒಯ್ದು ಓಡಿಸಿ ಬಂದ. ಸದ್ದಿಲ್ಲ. ಬ್ಯಾಟರಿ ಕಾರಿಗೆ ಎಂಜಿನ್ನಿನ ಗದ್ದಲ ಇಲ್ಲದ್ದರಿಂದ, ಬೇರೆ ಗಾಡಿಗಳಲ್ಲಿ ಮುಚ್ಚಿಹೋಗುವ ಸಣ್ಣ ಸದ್ದೂ ಕಿವಿಗೆ ಬೀಳುತ್ತದೆ. ಹಾಗೆಂದು ಗಾಲಿ ಬಿಚ್ಚಿದೆವು, ಬ್ರೇಕ್ ನೋಡಿದೆವು, ಡಿಕ್ಕಿಯಲ್ಲಿದ್ದ ಜಾಕ್ ಹೊರಗಿಟ್ಟೆವು. ಅಕ್ಕೋರ ಊಟದ ಡಬ್ಬಿಯ ಮೇಲೂ ಸಂಶಯಪಟ್ಟೆವು. ಗಾಡಿ ಹೋಯಿತು, ಮರುವಾರ ಮತ್ತೆ ಬಂತು. ನಡುವೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಚ್ಚಿ ನೋಡಿ, ಏನೂ ತೊಂದರೆ ಇಲ್ಲ ಎಂದು ಕಳಿಸಿದ್ದರಂತೆ. ಖಾಜಾ ಮತ್ತೆ ಓಡಿಸಿದ. ಮತ್ತೆ ಸದ್ದಿಲ್ಲ. ಮೂರನೇ ಸಲ ಆ ಕಾರು ಗೇಟಿನಲ್ಲಿ ಕಂಡಾಗ ನನಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಎನಿಸಿತು.

ಆ ದಿನ ಶೇಖರಪ್ಪ ಖಾಜಾನ ಎದುರಿಗೇ ಹೇಳಿಬಿಟ್ಟ: “ಇವತ್ತೂ ಸದ್ದು ಸಿಗಲಿಲ್ಲಂದ್ರ ಚಾವಿ ನನ್ನ ಕಡಿ ಇರಲಿ, ವೈನಿ. ಮನ್ಯಾಗೂ ಎಲ್ಲಾರೂ ಹಂಗ ಅಂತಾರ. ನಾನ ನಿಮ್ಮನ್ನ ಸಾಲಿಗೆ ಬಿಡತೀನಿ.”

“ನಿನಗ ಪುರಸೊತ್ತು ಆದಾಗ ಸಾಲಿ ಗಂಟಿ ಹೊಡೀಬೇಕೇನು?” ಎಂದರು ಅಕ್ಕೋರು. ಮಾತು ಜೋರಾಗಿತ್ತು, ಆದರೆ ಕಣ್ಣು ತುಂಬಿತ್ತು.

ನನಗೆ ಎಲ್ಲರ ಮೇಲೂ ಸಿಟ್ಟು ಬಂತು. “ಅಕ್ಕೋರ, ನೀವ ಓಡಸ್ರಿ. ನಾ ಬಾಜೂಕ ಕುಂದರ್ತೀನಿ,” ಎಂದೆ. ಇಷ್ಟು ದಿನ ಯಾರಿಗೂ ಇದು ಹೊಳೆದಿರಲಿಲ್ಲ.

ಅವರು ಹೊರಟರು. ಮುಂದೆ ಎಮ್ಮೆ ಕಂಡು ಆಕ್ಸಿಲರೇಟರಿನಿಂದ ಕಾಲು ತೆಗೆದರು. ಕಟಕ್! ಮತ್ತೆ ಒತ್ತಿದರು. ಕಟಕ್!

ಕಾರಣ ಹೇಳುತ್ತೇನೆ. ಈ ಕಾರುಗಳಲ್ಲಿ ಕಾಲು ತೆಗೆದೊಡನೆ ಮೋಟಾರೇ ಗಾಡಿಯನ್ನು ಹಿಂದಕ್ಕೆ ಹಿಡಿದು, ಆ ಓಟದಿಂದ ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ಅದಕ್ಕೆ ರೀಜನರೇಶನ್ ಎನ್ನುತ್ತಾರೆ. ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ನಾವೇ ಹೊಂದಿಸಬಹುದು. ಅಕ್ಕೋರು ಅದನ್ನು ಪೂರ್ತಿ ಬಿಗಿ ಇಡುತ್ತಿದ್ದರು. ಈ ಗಂಡಸರು ಸೀಟಿಗೆ ಕೂತೊಡನೆ, ಗಾಡಿ ಜಗ್ಗಿದಂಗ ಆಕೈತಿ ಎಂದು ಸಡಿಲ ಮಾಡಿಕೊಳ್ಳುತ್ತಿದ್ದರು! ಗಾಲಿಯನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಜಾಯಿಂಟ್ ಸವೆದಿದ್ದರೆ, ಎಳೆತ ಹಿಂದುಮುಂದಾದಾಗಲೇ ಅದು ಕಟಕ್ ಎನ್ನುವುದು.

ವಾಪಸು ಬಂದು ಕಾರನ್ನು ಎತ್ತಿಸಿದೆವು. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಇರುತ್ತದೆ. ಅವುಗಳ ಹತ್ತಿರ ಕೈ ಹಾಕದೆ ಖಾಜಾ ಕೆಳಗಿನ ತಗಡು ಬಿಚ್ಚಿದ. ಅವನ ಮುಖದ ಮೇಲೆ ಹುರಳಿಕಾಳು ಸುರಿದವು.

“ಯಪ್ಪಾ! ಇದೇನು ಕಾರೋ, ಕಾಳು ತುಂಬೋ ಹಗೇವೋ?” ಎಂದ.

ಬಲಗಡೆಯ ಶಾಫ್ಟಿನ ಒಳತುದಿಗೆ, ಗಾಲಿ ಬಿಚ್ಚಿದಾಗ ಕಾಣದಿದ್ದ ಕಡೆ, ಹುರಳಿ ಬಳ್ಳಿ ಹಗ್ಗದಂತೆ ಹೊಸೆದುಕೊಂಡಿತ್ತು. ಅದು ಜಾಯಿಂಟಿನ ರಬ್ಬರ್ ಹೊದಿಕೆಯನ್ನು ಕೊಯ್ದು, ಗ್ರೀಸ್ ಸೋರಿ, ಮಣ್ಣು ಒಳಗೆ ಸೇರಿತ್ತು.

“ರೋಡಿನ ಮ್ಯಾಲ ಹಾಕಿದ್ದ ಹುರಳಿ ಮ್ಯಾಲ ಹಾದು ಹೋಗಿರಬೇಕು,” ಎಂದೆ.

“ನಮ್ಮ ದಾರ್‍ಯಾಗ ಯಾರೂ ಹಾಕಿಲ್ರಿ,” ಎಂದ ಅಕ್ಕೋರು, ಮೆಲ್ಲಗೆ ಮೈದುನನ ಕಡೆ ತಿರುಗಿದರು. “ಶೇಖರಾ, ಐತವಾರ ಐತವಾರ ಗಾಡಿ ತೊಳಕೊಂಡು ಬರ್ತೀನಂತ ಒಯ್ತಿದ್ದಿ. ಎಲ್ಲಿಗೆ ಒಯ್ದಿ?”

ಶೇಖರಪ್ಪ ಬಳ್ಳಿಯನ್ನೇ ನೋಡುತ್ತ ನಿಂತ. “ಕಣಕ್ಕ... ಹಂತಿ ಹೊಡದೆ, ವೈನಿ. ಟ್ರ್ಯಾಕ್ಟರ್ ಸಿಗವಲ್ದು. ಕರೆಂಟಿನ ಗಾಡಿ, ಡೀಸೆಲ್ ಬ್ಯಾಡ, ಹೊಗಿ ಇಲ್ಲ...”

ಹಂತಿ ಎಂದರೆ ಕಣದಲ್ಲಿ ಹರಡಿದ ಬೆಳೆಯ ಮೇಲೆ ಎತ್ತುಗಳನ್ನು ಸುತ್ತು ಹಾಕಿಸಿ ಕಾಳು ಬಿಡಿಸುವುದು. ಈ ಮಹಾರಾಯ ಎತ್ತಿನ ಬದಲು ಅತ್ತಿಗೆಯ ಕಾರು ಹೂಡಿದ್ದ. ಆಮೇಲೆ ತೊಳೆದು ಫಳಫಳ ಮಾಡಿ ತಂದು ನಿಲ್ಲಿಸುತ್ತಿದ್ದ.

“ಪುಣ್ಯಾ, ಕಾಳು ತಿಂದೀತಂತ ಮುಖಕ್ಕ ಬಾಯಿಕುಕ್ಕಿ ಕಟ್ಟಲಿಲ್ಲಲ್ಲೋ ಅದಕ್ಕ!” ಎಂದರು ಅಕ್ಕೋರು. ಖಾಜಾ ನಗು ತಡೆಯಲಾರದೆ ಮತ್ತೆ ಗಾಡಿಯ ಕೆಳಗೆ ತೂರಿಕೊಂಡ.

ಹುಬ್ಬಳ್ಳಿಯಿಂದ ಹೊಸ ಶಾಫ್ಟ್ ತರಿಸಿ ಹಾಕಿದೆವು. ಪರೀಕ್ಷೆಗೂ ಅಕ್ಕೋರನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತೆ. ಕಾಲು ತೆಗೆದರು, ಒತ್ತಿದರು, ತೆಗೆದರು. ಗಾಳಿಯ ಸಪ್ಪಳ ಬಿಟ್ಟರೆ ಏನೂ ಇಲ್ಲ. ಮರಳಿ ಬಂದಾಗ ಶೇಖರಪ್ಪ ರೂಢಿಯಂತೆ ಡ್ರೈವರ್ ಬಾಗಿಲ ಹತ್ತಿರ ನಿಂತಿದ್ದ. ಅಕ್ಕೋರು ಸೀಟಿನಿಂದ ಇಳಿಯಲೇ ಇಲ್ಲ. “ಆ ಕಡಿಯಿಂದ ಹತ್ತು,” ಎಂದರು. ಅವನು ಸುತ್ತು ಹಾಕಿ ಹೋಗಿ ಹತ್ತಿದ.

ಆಮೇಲೆ ನಮ್ಮ ಗ್ಯಾರೇಜಿನಲ್ಲಿ ಇದೇ ಪದ್ಧತಿಯಾಯಿತು: ಸದ್ದು ಕೇಳಿದವರು ಓಡಿಸಬೇಕು, ನಾವು ಬಾಯಿ ಮುಚ್ಚಿ ಪಕ್ಕದಲ್ಲಿ ಕೂಡಬೇಕು. ನನಗೆ ಕೇಳಿಸಲಿಲ್ಲ ಎನ್ನುವುದು ಗಾಡಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಮಕ್ಕಳೇ. ನಾನು ಎಲ್ಲಿ ಕೂತಿದ್ದೆ ಎಂಬುದನ್ನಷ್ಟೇ ಹೇಳುತ್ತದೆ.